ಹೀಲರ್ ಯಾಕೆ ಯಾವಾಗಲೂ ನಾನೇ?

ಪ್ರಶ್ನೆ: ನನಗೆ 21 ವರ್ಷ. ಮನೆ ಭದ್ರಾವತಿಯ ನ್ಯೂ ಟೌನ್‌ನಲ್ಲಿ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದೇನೆ, ದಿನಾ ಬಸ್ಸಿನಲ್ಲಿ ಓಡಾಟ. ಕ್ಲಾಸಿನ ಮೂವರು ಹುಡುಗರು ನನಗೆ ತುಂಬಾ ಆಪ್ತರು. ಇಬ್ಬರು ವಿನೋಬನಗರದವರು, ಒಬ್ಬ ಗೋಪಾಳದವನು. ಶನಿವಾರ ರಾತ್ರಿ ನಾಲ್ವರೂ ಅವರವರ ಮನೆಯಿಂದಲೇ ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಆಟ ಆಡುತ್ತೇವೆ. ಆಟ ಶುರು ಮಾಡುವಾಗ ಒಬ್ಬ ಪ್ಯಾಲಡಿನ್, ಒಬ್ಬ ಬಾರ್ಬೇರಿಯನ್, ಒಬ್ಬ ಫೈಟರ್ ಎಂದು ಮೂವರೂ ಕತ್ತಿ, ಕೊಡಲಿ ಹಿಡಿದುಬಿಟ್ಟರು. ನನಗೆ ವಿಝಾರ್ಡ್ ಆಗುವ ಆಸೆಯಿತ್ತು. “ನೀನು ಹುಡುಗಿ ಅಲ್ವಾ, ಹೀಲರ್ ಆಗು. ಹೀಲರ್ ಇಲ್ದೆ ಪಾರ್ಟಿ ಬ್ಯಾಲೆನ್ಸ್ ಆಗಲ್ಲ” ಅಂದರು. ಕ್ಲೆರಿಕ್ ಆದೆ.

ಈಗ ಲೆವೆಲ್ 4ರಲ್ಲಿದ್ದೇವೆ. ಗಾಬ್ಲಿನ್ ಪಾಳಯದ ಡ್ರೋರ್ ರಾಗ್ಜ್‌ಲಿನ್‌ನನ್ನು ಸೋಲಿಸಲು ಆಗುತ್ತಲೇ ಇಲ್ಲ. ಅವರು ಮೂವರೂ ಒಳಗೆ ನುಗ್ಗುತ್ತಾರೆ, ನಾನು ಒಬ್ಬರಾದ ಮೇಲೆ ಒಬ್ಬರಿಗೆ ಹೀಲ್ ಮಾಡುತ್ತ ಅವರ ಹಿಂದೆ ಓಡುತ್ತೇನೆ, ಕೊನೆಗೆ ಎಲ್ಲರೂ ಬೀಳುತ್ತೇವೆ. “ಸರಿಯಾಗಿ ಹೀಲ್ ಮಾಡೇ” ಎಂದು ಹೆಡ್‌ಫೋನಿನಲ್ಲಿ ಕೂಗುತ್ತಾರೆ. ಮೊನ್ನೆ ಮಳೆಗೆ ನಮ್ಮ ಏರಿಯಾದಲ್ಲಿ ಕರೆಂಟ್ ಹೋಗಿ ನಾನು ಆಟದಿಂದ ಹೊರಬಿದ್ದೆ. ಅದಕ್ಕೂ ಬೈಸಿಕೊಂಡೆ. ಈಗ ಶನಿವಾರ ಬಂತೆಂದರೆ ಹೊಟ್ಟೆಯಲ್ಲಿ ಸಂಕಟ. ಅಮ್ಮನಿಗೆ ಹೇಳಿದರೆ “ಆಟ ತಾನೇ, ಬಿಟ್ಟುಬಿಡು” ಅನ್ನುತ್ತಾರೆ. ಬಿಟ್ಟರೆ ಸ್ನೇಹವೂ ಹೋಗುತ್ತದೇನೋ ಎಂಬ ಭಯ. ಏನು ಮಾಡಲಿ?
– ಹೆಸರು ಬೇಡ, ಭದ್ರಾವತಿ

ಉತ್ತರ: ಮೊದಲಿಗೆ, ನಿಮ್ಮ ಸಂಕಟ ಸಣ್ಣದಲ್ಲ. ವಾರವಿಡೀ ಓದು, ಬಸ್ಸು, ಪ್ರಾಜೆಕ್ಟ್ ಎಂದು ಓಡಾಡಿದವರಿಗೆ ಶನಿವಾರ ರಾತ್ರಿಯ ಆಟ ಖುಷಿ ಕೊಡಬೇಕು. ಅದೇ ಹೊತ್ತು ಹೊಟ್ಟೆ ಕಿವುಚುತ್ತಿದೆ ಎಂದರೆ ಏನೋ ಕೆಟ್ಟಿದೆ. ಅಮ್ಮ ಹೇಳಿದ್ದು ಪ್ರೀತಿಯಿಂದಲೇ. ಆದರೆ ನೀವು ಕೇಳಿರುವ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ನಿಮ್ಮ ಪತ್ರದಲ್ಲಿ ಎರಡು ತಕರಾರುಗಳಿವೆ. ನಾಲ್ವರ ಪಾರ್ಟಿ ಯಾಕೆ ಸೋಲುತ್ತಿದೆ ಎಂಬುದು ಒಂದು. ‘ಹುಡುಗಿ ಅಲ್ವಾ’ ಎಂಬ ಮಾತು ಇನ್ನೊಂದು. ಆಟದ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಯಾಕೆಂದರೆ ಆಟದ ಲೆಕ್ಕ ಪೂರ್ತಿ ನಿಮ್ಮ ಪರವಾಗಿದೆ. ಅದು ಕೈಯಲ್ಲಿದ್ದರೆ ಎರಡನೆಯ ಮಾತನ್ನು ಎದೆಗುಂದದೆ ಆಡಬಹುದು.

ನೀವು ಹೀಲ್ ಮಾಡಲು ಬಳಸುತ್ತಿರಬಹುದಾದ ಕ್ಯೂರ್ ವೂಂಡ್ಸ್ ಮಂತ್ರವನ್ನೇ ನೋಡಿ. ಮೊದಲ ಹಂತದಲ್ಲಿ ಅದು ಎಂಟು ಮುಖದ ಒಂದು ದಾಳ ಉರುಳಿಸಿ, ನಿಮ್ಮ ವಿಸ್ಡಮ್‌ನ ಮೂರೋ ನಾಲ್ಕೋ ಅಂಕ ಸೇರಿಸುತ್ತದೆ. ಸರಾಸರಿ ಎಂಟು ಎಚ್‌ಪಿ, ಅಂದರೆ ಪಾತ್ರದ ಜೀವದ ಅಂಕ. ಅದಕ್ಕೆ ನಿಮ್ಮ ಆ ಸರದಿಯ ಮುಖ್ಯ ಆಕ್ಷನ್ ಪೂರ್ತಿ ಖರ್ಚು, ಜೊತೆಗೆ ಗಾಯಾಳುವನ್ನು ಮುಟ್ಟುವಷ್ಟು ಹತ್ತಿರ ಹೋಗಬೇಕು. ಅತ್ತ ಒಂದು ಮಾಮೂಲಿ ಗಾಬ್ಲಿನ್‌ನ ಏಟಿಗೆ ಐದಾರು ಎಚ್‌ಪಿ ಹೋಗುತ್ತದೆ. ರಾಗ್ಜ್‌ಲಿನ್‌ನ ಹಾಲ್‌ನಲ್ಲಿ ಗಾಬ್ಲಿನ್‌ಗಳು ಗುಂಪಾಗಿಯೇ ಇರುತ್ತವೆ. ಮೂರು ಏಟು ತಗುಲಿದರೆ ಹದಿನೈದಕ್ಕೂ ಹೆಚ್ಚು ಹೋಯಿತು, ನೀವು ವಾಪಸ್ ತಂದಿದ್ದು ಎಂಟು. ಲೆವೆಲ್ 4ರ ಕ್ಲೆರಿಕ್‌ಗೆ ಇರುವುದು ಮೊದಲ ಹಂತದ ನಾಲ್ಕು ಸ್ಪೆಲ್ ಸ್ಲಾಟ್, ಎರಡನೇ ಹಂತದ ಮೂರು. ಏಳು ಸಲ ಹೀಲ್ ಮಾಡಿದರೆ ಮುಗಿಯಿತು. ಲಾಂಗ್ ರೆಸ್ಟ್ ಮಾಡದೆ ಅವು ತುಂಬುವುದಿಲ್ಲ, ಲಾಂಗ್ ರೆಸ್ಟ್‌ಗೆ ಮಾಮೂಲಿ ಕಷ್ಟಮಟ್ಟದಲ್ಲಿ 40 ಕ್ಯಾಂಪ್ ಸಪ್ಲೈ ಬೇಕು. ನೀವು ಇನ್ನೂ ‘ಸರಿಯಾಗಿ’ ಹೀಲ್ ಮಾಡಿದ್ದರೂ ಈ ಲೆಕ್ಕ ಬದಲಾಗುತ್ತಿರಲಿಲ್ಲ. ಈ ಆಟದಲ್ಲಿ ರಕ್ತ ಹೋಗುವ ವೇಗಕ್ಕೆ ಹೀಲಿಂಗ್ ಓಡಲಾರದು. ಶತ್ರು ಏಟು ಹಾಕುವ ಮೊದಲೇ ಅವನನ್ನು ಬೀಳಿಸುವುದು, ಮಲಗಿಸುವುದು, ಜಾರಿಸುವುದು, ಅವನಿಗೆ ಎಟುಕದ ಜಾಗದಲ್ಲಿ ನಿಲ್ಲುವುದು: ಪಾರ್ಟಿಯನ್ನು ಉಳಿಸುವವು ಇವು.

ನಿಮ್ಮ ಗೆಳೆಯರು ನಿಮ್ಮನ್ನು ಹೀಲರ್ ಮಾಡಿದ್ದಾರೆಯೇ ಹೊರತು ಕ್ಲೆರಿಕ್ ಆಗಲು ಬಿಟ್ಟಿಲ್ಲ. ಕ್ಲೆರಿಕ್‌ಗೆ ಬ್ಲೆಸ್ ಇದೆ. ಒಂದೇ ಸಲಕ್ಕೆ ಮೂವರಿಗೆ ಹಾಕಬಹುದು, ಹತ್ತು ಸರದಿ ನಿಲ್ಲುತ್ತದೆ, ಅವರ ಪ್ರತಿ ಏಟಿನ ದಾಳಕ್ಕೂ ನಾಲ್ಕು ಮುಖದ ಇನ್ನೊಂದು ದಾಳ ಕೂಡುತ್ತದೆ. ಇಪ್ಪತ್ತು ಏಟು ಬೀಸಿದರೆ ಎರಡು ಮೂರು ಹೆಚ್ಚಾಗಿ ತಗಲುತ್ತವೆ ಅಂದುಕೊಳ್ಳಿ. ಮೂವರು ಕತ್ತಿವೀರರಿರುವ ಪಾರ್ಟಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದರೆ ಅದು ಕಾನ್ಸಂಟ್ರೇಷನ್ ಬೇಡುವ ಮಂತ್ರ. ನಿಮಗೆ ಏಟು ಬಿದ್ದಾಗಲೆಲ್ಲ ದಾಳ ಉರುಳಿಸಿ ಅದನ್ನು ಉಳಿಸಿಕೊಳ್ಳಬೇಕು. ಅಂದರೆ ನೀವು ಗಾಯಾಳುಗಳ ಹಿಂದೆ ರಣರಂಗದ ನಡುವೆ ಓಡಾಡಬಾರದು, ಕಂಬದ ಮರೆಯಲ್ಲಿ ನಿಲ್ಲಬೇಕು, ನಿಮ್ಮತ್ತ ಬರುವವರನ್ನು ಅವರು ತಡೆಯಬೇಕು. ಸ್ಪಿರಿಚುವಲ್ ವೆಪನ್ ಕೂಡ ಈಗಾಗಲೇ ನಿಮ್ಮ ಕೈಗೆಟುಕಿದೆ. ಅದನ್ನು ಬೋನಸ್ ಆಕ್ಷನ್‌ನಲ್ಲಿ ಕರೆಯಬಹುದು, ಅದು ಹತ್ತು ಸರದಿ ನಿಮ್ಮ ಪರ ಹೊಡೆದಾಡುತ್ತದೆ, ಕಾನ್ಸಂಟ್ರೇಷನ್ ಕೇಳುವುದಿಲ್ಲ. ಯಾರಾದರೂ ನೆಲಕ್ಕೆ ಬಿದ್ದರೆ ಹೀಲಿಂಗ್ ವರ್ಡ್ ಹಾಕಿ. ಬೋನಸ್ ಆಕ್ಷನ್ ಸಾಕು, ಹದಿನೆಂಟು ಮೀಟರ್ ದೂರದಿಂದಲೇ ಏಳಿಸಬಹುದು. ಉಳಿದಂತೆ, ಇನ್ನೂ ನಿಂತಿರುವವನ ಗಾಯ ನೋಡಿ ಗಾಬರಿಯಾಗಬೇಡಿ.

ಇನ್ನು ಆ ಮೂವರ ಕೈಯಲ್ಲಿ ಏನಿದೆ ಎಂದು ಅವರೇ ನೋಡಿಕೊಂಡಂತಿಲ್ಲ. ಪ್ಯಾಲಡಿನ್‌ಗೆ ಮೊದಲ ಲೆವೆಲ್‌ನಿಂದಲೇ ಲೇ ಆನ್ ಹ್ಯಾಂಡ್ಸ್ ಇದೆ. ಅಂದರೆ ‘ಹೀಲರ್ ಇಲ್ದೆ ಆಗಲ್ಲ’ ಎಂದವರಲ್ಲಿ ಒಬ್ಬ ಸ್ವತಃ ಹೀಲರ್! ಬಾರ್ಬೇರಿಯನ್ ರೇಜ್‌ನಲ್ಲಿರುವಾಗ ಕತ್ತಿ, ಬಾಣ, ಗದೆಗಳ ಏಟು ಅವನಿಗೆ ಅರ್ಧವೇ ತಗಲುತ್ತದೆ. ಬಾಗಿಲಲ್ಲಿ ನಿಂತು ದಾರಿ ಕಟ್ಟಬೇಕಾದವನು ಅವನು. ಉಳಿದ ಇಬ್ಬರೂ ಅವನ ಪಕ್ಕದಲ್ಲೇ ನುಗ್ಗಿ ಏಟು ಹಂಚಿಕೊಂಡರೆ ರೇಜ್‌ನ ಲಾಭವೇ ಹೋಯಿತು. ಅಕಸ್ಮಾತ್ ಹೀಲ್ ಮಾಡಲೇಬೇಕೆಂದರೆ ರೇಜ್‌ನಲ್ಲಿರುವ ಅವನಿಗೇ ಮಾಡಿ. ಅವನ ಮೈಯಲ್ಲಿ ಎಂಟು ಎಚ್‌ಪಿ ಹದಿನಾರರಷ್ಟು ಬಾಳುತ್ತದೆ. ಇದರ ಜೊತೆ ಎಲ್ಲರ ಬ್ಯಾಗಿನಲ್ಲೂ ಹೀಲಿಂಗ್ ಪೋಷನ್ ಇರುತ್ತದೆ. ಕುಡಿಯಲು ಬೋನಸ್ ಆಕ್ಷನ್ ಸಾಕು. ಒಟ್ಟಿಗೆ ನಿಂತ ಇಬ್ಬರ ನಡುವೆ ಬಾಟಲಿ ಎಸೆದು ಒಡೆದರೆ ಇಬ್ಬರಿಗೂ ಗುಣ. ಈ ಆಟದ ಹೊಸಬರು ಪೋಷನ್‌ಗಳನ್ನು ಕೊನೆಯವರೆಗೂ ಕೂಡಿಟ್ಟು, ಕೂಡಿಟ್ಟುಕೊಂಡೇ ಸಾಯುತ್ತಾರೆ. ನಿಮ್ಮ ಗೆಳೆಯರ ಬ್ಯಾಗ್ ತೆರೆದು ನೋಡಲು ಹೇಳಿ.

ನಿಮ್ಮ ಪಾರ್ಟಿಯಲ್ಲಿ ನಿಜವಾಗಿ ಇಲ್ಲದ್ದು ಬೇರೆಯೇ. ದೂರದಿಂದ ಹೊಡೆಯುವವರಿಲ್ಲ, ಒಂದೇ ಮಂತ್ರದಲ್ಲಿ ನಾಲ್ಕೈದು ಶತ್ರುಗಳನ್ನು ತಡೆಯುವವರಿಲ್ಲ, ಬೀಗ ತೆಗೆಯಲು ಚುರುಕು ಕೈಯವರಿಲ್ಲ. ಎತ್ತರದಲ್ಲಿರುವ ಬಿಲ್ಲುಗಾರನಿಗೆ ಈ ಆಟ ಏಟಿನ ದಾಳಕ್ಕೆ ಎರಡು ಅಂಕ ಹೆಚ್ಚು ಕೊಡುತ್ತದೆ. ಕೆಳಗೆ ಕೊಡಲಿ ಹಿಡಿದು ನಿಂತವನು ಅವನನ್ನು ಬರೀ ನೋಡುತ್ತಾನೆ. ಈ ಕೊರತೆ ತುಂಬಲು ಎಲ್ಲಕ್ಕಿಂತ ಸರಿಯಾದ ಕ್ಲಾಸ್, ಅಂದರೆ ಪಾತ್ರದ ಬಗೆ, ಯಾವುದು ಗೊತ್ತೇ? ನೀವು ಮೊದಲ ದಿನ ಕೇಳಿದ ವಿಝಾರ್ಡ್. ಸ್ಲೀಪ್‌ನಿಂದ ಎಚ್‌ಪಿ ಕಡಿಮೆಯಿರುವ ಗಾಬ್ಲಿನ್‌ಗಳನ್ನು ಮಲಗಿಸುವುದು, ಗ್ರೀಸ್ ಚೆಲ್ಲಿ ಬಾಗಿಲಲ್ಲೇ ಜಾರಿಸುವುದು, ವೆಬ್ ಹಾಕಿ ಗುಂಪನ್ನೇ ಕಟ್ಟಿಹಾಕುವುದು, ಗುರಿ ತಪ್ಪದ ಮ್ಯಾಜಿಕ್ ಮಿಸೈಲ್‌ನಿಂದ ಮೇಲಿನ ಬಿಲ್ಲುಗಾರನನ್ನು ಉರುಳಿಸುವುದು ಎಲ್ಲ ಅವಳ ಕೆಲಸ. ‘ನಮ್ಮ ಮೇಲೇ ಬೆಂಕಿ ಹಾಕ್ತೀಯಾ’ ಎಂದು ಅವರು ಹೆದರಿದರೆ ಎವೊಕೇಷನ್ ಶಾಖೆ ಆರಿಸಿಕೊಳ್ಳಿ. ಆ ಶಾಖೆಯವಳ ಎವೊಕೇಷನ್ ಮಂತ್ರಗಳು ಸ್ವಂತ ಪಾರ್ಟಿಯನ್ನು ಸುಡುವುದಿಲ್ಲ. ಲೆವೆಲ್ 5ಕ್ಕೆ ಫೈರ್‌ಬಾಲ್ ಬರುತ್ತದೆ, ಆರು ಮುಖದ ಎಂಟು ದಾಳ.

ಇಷ್ಟು ದಿನ ಆಡಿದ್ದು ವ್ಯರ್ಥವಾಗುತ್ತದೆಂಬ ಚಿಂತೆ ಬೇಡ. ಕ್ಯಾಂಪಿನಲ್ಲಿರುವ ವಿದರ್ಸ್ ಎಂಬ ಆ ಒಣಗಿದ ಮುದುಕ 100 ಚಿನ್ನದ ನಾಣ್ಯ ತೆಗೆದುಕೊಂಡು ಯಾರ ಕ್ಲಾಸನ್ನಾದರೂ ಬದಲಾಯಿಸಿಕೊಡುತ್ತಾನೆ. ಲೆವೆಲ್ ಹಾಗೆಯೇ ಉಳಿಯುತ್ತದೆ. ನೀವು ವಿಝಾರ್ಡ್ ಆಗಿ. ಫೈಟರ್ ಆಗಿರುವ ಗೆಳೆಯ ಮನಸ್ಸು ಮಾಡಿದರೆ ಬಾರ್ಡ್ ಆಗಲಿ. ಬಾರ್ಡ್‌ಗೂ ಹೀಲಿಂಗ್ ವರ್ಡ್ ಸಿಗುತ್ತದೆ, ಬೀಗವನ್ನೂ ತೆಗೆಯುತ್ತಾನೆ, ಎರಡು ಶಾರ್ಟ್ ರೆಸ್ಟ್ ಸಿಗುವ ಕಡೆ ಅವನ ಹಾಡಿನಿಂದ ಇನ್ನೊಂದು ಸಿಗುತ್ತದೆ. ಅವನು ಒಪ್ಪದಿದ್ದರೂ ಅಡ್ಡಿಯಿಲ್ಲ, ಬೆನ್ನಿಗೊಂದು ಬಿಲ್ಲು ಏರಿಸಿಕೊಂಡು ಮೇಲೆ ಹತ್ತಲಿ. ಕ್ಲೆರಿಕ್ ಇಲ್ಲದೆಯೂ ಈ ಆಟವನ್ನು ಚೆನ್ನಾಗಿ ಮುಗಿಸಬಹುದು. ಲಾರಿಯನ್ ಕಂಪನಿ 2023ರ ಆಗಸ್ಟ್‌ನಲ್ಲಿ ಹನ್ನೆರಡು ಕ್ಲಾಸ್‌ಗಳ ಈ ಆಟ ಬಿಟ್ಟಾಗ ನಾಲ್ಕು ಸ್ಥಾನಕ್ಕೆ ಇಂಥವರೇ ಬೇಕೆಂದು ಎಲ್ಲೂ ಕಟ್ಟುಹಾಕಲಿಲ್ಲ.

ಹಾಗಾದರೆ ‘ಹೀಲರ್ ಬೇಕೇ ಬೇಕು’ ಎಂಬ ನಂಬಿಕೆ ಎಲ್ಲಿಂದ ಬಂತು? ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ, ನಿಮ್ಮ ಆಟದ ನಿಯಮಗಳಿಗೆ ಮೂಲವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನಲ್ಲಿ ಇದ್ದದ್ದೇ ಮೂರು ಕ್ಲಾಸ್: ಹೊಡೆದಾಡುವವನು, ಮಂತ್ರವಾದಿ, ಕ್ಲೆರಿಕ್. ಕಳ್ಳ ಸೇರಿದ್ದು ಮರುವರ್ಷ. ಆ ಮೊದಲ ಕ್ಲೆರಿಕ್ ಕೂಡ ಕವಚ ತೊಟ್ಟು ಗದೆ ಹಿಡಿದು ಮುಂದೆ ನಿಲ್ಲುವವನೇ. ಆಮೇಲೆ 1999ರ ‘ಎವರ್‌ಕ್ವೆಸ್ಟ್’, 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಂಥ ಆನ್‌ಲೈನ್ ಆಟಗಳಲ್ಲಿ ಏಟು ತಿನ್ನುವವನೊಬ್ಬ, ಹೊಡೆಯುವವರು ಕೆಲವರು, ಹಿಂದೆ ನಿಂತು ಗುಣಪಡಿಸುವವನೊಬ್ಬ ಎಂಬ ವಿಂಗಡಣೆ ಗಟ್ಟಿಯಾಯಿತು. ಅಲ್ಲಿ ಅದು ಸರಿ, ಆ ಆಟಗಳನ್ನು ಕಟ್ಟಿದ್ದೇ ಹಾಗೆ. ನಿಮ್ಮ ಗೆಳೆಯರು ಆ ಲೆಕ್ಕವನ್ನು ನಾಲ್ವರ, ಸರದಿ ಆಧಾರದ ಆಟಕ್ಕೆ ಹೊತ್ತು ತಂದಿದ್ದಾರೆ.

ಆ ಹಿಂದಿನ ಸಾಲಿನ ಕೆಲಸವನ್ನು ಹುಡುಗಿಯ ಕೆಲಸ ಎಂದು ಮಾಡಿದ್ದು ಮಾತ್ರ ಆಟವಲ್ಲ, ಆಡುವವರು. ‘ವ್ಯಾಲರಂಟ್’ ಆಡುವ ಹುಡುಗಿಯರನ್ನು ಕೇಳಿ. ಹೆಡ್‌ಫೋನಿನಲ್ಲಿ ಹೆಣ್ಣುದನಿ ಕೇಳಿದ ಕೂಡಲೇ ‘ಸೇಜ್ ತಗೋ’ ಎನ್ನುವವರು ಅಲ್ಲೂ ಇದ್ದಾರೆ, ಯಾಕೆಂದರೆ ಸೇಜ್ ಗುಣಪಡಿಸುವವಳು. ನಾಲ್ವರು ಕೂತು ಊಟ ಮಾಡುವಾಗ ಬಡಿಸಲು ಏಳಬೇಕಾದವಳು ಯಾರು ಎಂದು ನಮ್ಮ ಮನೆಗಳಲ್ಲಿ ಯಾರೂ ಕೇಳದೆಯೇ ತೀರ್ಮಾನವಾಗಿರುತ್ತದಲ್ಲ, ಅದೇ ತೀರ್ಮಾನ ಶನಿವಾರ ರಾತ್ರಿ ನಿಮ್ಮ ಲ್ಯಾಪ್‌ಟಾಪಿನೊಳಗೂ ಬಂದು ಕೂತಿದೆ. ನಿಮ್ಮ ಗೆಳೆಯರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಅವರು ಯೋಚಿಸಿಲ್ಲ. ಯೋಚಿಸುವಂತೆ ಮಾಡಬೇಕು, ಅಷ್ಟೇ.

ಒಂದು ವಿಷಯ ಸ್ಪಷ್ಟವಿರಲಿ. ಹೀಲರ್ ಆಗುವುದು ಕೀಳು ಎಂದು ನಾನು ಹೇಳಿದರೆ ಅದೂ ತಪ್ಪಾಗುತ್ತದೆ. ಕ್ರಿಕೆಟ್‌ನ ವಿಕೆಟ್ ಕೀಪರ್‌ನನ್ನೇ ನೋಡಿ. ನಿಮ್ಮ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಆಡಿದ ಕರ್ನಾಟಕ ತಂಡ 1973-74ರಲ್ಲಿ, ಸತತ ಹದಿನೈದು ವರ್ಷ ರಣಜಿ ಗೆದ್ದಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲಿ ಹಿಂದಿಕ್ಕಿ, ರಾಜಸ್ಥಾನವನ್ನು ಸೋಲಿಸಿ ಕಪ್ ತಂದಿತು. ನಾಯಕ ಪ್ರಸನ್ನ. ಆ ಪೀಳಿಗೆಯ ಕರ್ನಾಟಕಕ್ಕೆ ಪ್ರಸನ್ನ, ಚಂದ್ರಶೇಖರ್ ಸ್ಪಿನ್, ವಿಶ್ವನಾಥ್, ಬ್ರಿಜೇಶ್ ಪಟೇಲ್ ಬ್ಯಾಟಿಂಗ್, ಸ್ಟಂಪ್ ಹಿಂದೆ ಕಿರ್ಮಾನಿ. ಕೀಪರ್ ಎಂದರೆ ಚೆಂಡು ಹಿಡಿದುಕೊಡುವವನು ಎಂದು ಯಾರಾದರೂ ಅಂದುಕೊಂಡಿದ್ದರೆ, ಅದೇ ಕಿರ್ಮಾನಿ 1983ರ ವಿಶ್ವಕಪ್‌ನಲ್ಲಿ ಜಿಂಬಾಬ್ವೆ ಎದುರು ಕಪಿಲ್ ದೇವ್ ಜೊತೆ ಒಂಬತ್ತನೇ ವಿಕೆಟ್‌ಗೆ ಮುರಿಯದ 126 ರನ್ ಸೇರಿಸಿದ್ದನ್ನು ನೋಡಬೇಕಿತ್ತು. ಕ್ಲೆರಿಕ್ ಕೂಡ ಹಾಗೆಯೇ ಎರಡು ಕಡೆಯೂ ಬೇಕಾದವಳು. ಇಷ್ಟಪಟ್ಟು ಆರಿಸಿಕೊಂಡವರ ಕೈಯಲ್ಲಿ ಅದು ಆಟದ ಅತ್ಯಂತ ಬಲವಾದ ಕ್ಲಾಸ್‌ಗಳಲ್ಲೊಂದು. ನೀವು ಇಷ್ಟಪಡಲಿಲ್ಲ. ಬೇರೆ ಕಾರಣ ಬೇಕಾಗಿಯೇ ಇಲ್ಲ.

ಕರೆಂಟ್ ಹೋದ ರಾತ್ರಿಯ ಬಗ್ಗೆಯೂ ಒಂದು ಮಾತು. ಮಲೆನಾಡಿನ ಅಂಚಿನ ನಮ್ಮ ಜಿಲ್ಲೆಯಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ನೀವೊಬ್ಬರು ಹೊರಬಿದ್ದ ಕೂಡಲೇ ಪಾರ್ಟಿಯೇ ಮುಳುಗಿತು ಎಂದರೆ, ಮೂವರ ಜೀವವನ್ನು ಒಬ್ಬರ ತಲೆಗೆ ಕಟ್ಟಿದ್ದಾರೆ ಎಂದಾಯಿತು. ಅಂಥ ಪಾರ್ಟಿಯನ್ನು ಬ್ಯಾಲೆನ್ಸ್ ಆಗಿದೆ ಎನ್ನಲಾಗದು. ಒಬ್ಬರು ಬಿದ್ದಾಗ ಉಳಿದ ಮೂವರಲ್ಲಿ ಇನ್ನೊಬ್ಬರಾದರೂ ಅವರ ಕೆಲಸದ ಅರ್ಧವನ್ನು ಮಾಡಬಲ್ಲವರಾಗಿರಬೇಕು. ನಾನು ಬ್ಯಾಲೆನ್ಸ್ ಎನ್ನುವುದು ಅದಕ್ಕೆ. ಅಂದಹಾಗೆ, ಹೋಸ್ಟ್ ಮಾಡುವವನು ಸೆಷನ್ ಪರದೆಯಲ್ಲಿ ನಿಮ್ಮ ಪಾತ್ರವನ್ನು ಬೇರೊಬ್ಬರಿಗೆ ವಹಿಸಿ ಆಟ ಮುಂದುವರಿಸಬಹುದು. ಸರದಿಯ ಆಟವಾದ್ದರಿಂದ ಕಾಯಲೂಬಹುದು. ಬೈಯುವ ಅಗತ್ಯ ಎಲ್ಲೂ ಇರಲಿಲ್ಲ.

ಈಗ ಹೇಗೆ ಹೇಳುವುದು? ಆಟದ ನಡುವೆ, ರಾತ್ರಿ ಹನ್ನೊಂದಕ್ಕೆ, ನಾಲ್ವರೂ ಸೋತು ಸಿಟ್ಟಿನಲ್ಲಿರುವಾಗ ಖಂಡಿತ ಬೇಡ. ವಾಟ್ಸಾಪ್‌ನಲ್ಲೂ ಬೇಡ, ಅಲ್ಲಿ ಮೂವರಲ್ಲೊಬ್ಬ ನಗುವ ಚಿತ್ರ ಹಾಕಿ ಮಾತು ತಿರುಗಿಸುತ್ತಾನೆ. ನೀವು ದಿನಾ ಶಿವಮೊಗ್ಗಕ್ಕೆ ಹೋಗುವವರೇ. ಕ್ಲಾಸ್ ಮುಗಿದ ಮೇಲೆ ಗಾಂಧಿ ಪಾರ್ಕಿನಲ್ಲೋ ಗೋಪಿ ಸರ್ಕಲ್ ಹತ್ತಿರದ ಯಾವುದಾದರೂ ಹೋಟೆಲಿನಲ್ಲೋ ಮೂವರನ್ನೂ ಕೂರಿಸಿ ಹೇಳಿ: “ಈ ಶನಿವಾರದಿಂದ ನಾನು ವಿಝಾರ್ಡ್. ಹೀಲಿಂಗ್‌ಗೆ ಪೋಷನ್ ಇದೆ, ನಿನ್ನ ಲೇ ಆನ್ ಹ್ಯಾಂಡ್ಸ್ ಇದೆ. ಯಾರು ಎಷ್ಟು ಹಂಚ್ಕೋತೀರಿ ನೀವೇ ಮಾತಾಡಿ. ಇನ್ನೊಂದು, ನನ್ನ ಮೇಲೆ ಕೂಗಬೇಡಿ. ಕೂಗಿದರೆ ಅವತ್ತಿನ ಆಟ ಅಲ್ಲಿಗೇ ನಿಲ್ಲಿಸ್ತೀನಿ.” ಇದನ್ನು ‘ಆಗಬಹುದಾ?’ ಎಂದು ಕೇಳಬೇಡಿ. ಅವರು ಪ್ಯಾಲಡಿನ್, ಬಾರ್ಬೇರಿಯನ್, ಫೈಟರ್ ಆಗುವಾಗ ನಿಮ್ಮ ಅನುಮತಿ ಕೇಳಿದ್ದರೇ? ‘ಹುಡುಗಿ ಅಲ್ವಾ’ ಎಂಬ ಮಾತು ನೋಯಿಸಿತು ಎಂದೂ ಅದೇ ಮಾತುಕತೆಯಲ್ಲಿ ಹೇಳಿ, ನಗದೆ, ಕ್ಷಮೆ ಕೇಳುವ ದನಿಯಿಲ್ಲದೆ, ಒಂದೇ ವಾಕ್ಯದಲ್ಲಿ. ನಿಜವಾದ ಗೆಳೆಯರಿಗೆ ಅಷ್ಟು ಸಾಕು. ಕೂಗಿದರೆ ನಿಲ್ಲಿಸುತ್ತೇನೆ ಎಂದ ಮೇಲೆ ನಿಲ್ಲಿಸಲೇಬೇಕು. ಮೊದಲ ಸಲ ನಿಲ್ಲಿಸುವಾಗ ಎದೆ ಹೊಡೆದುಕೊಳ್ಳುತ್ತದೆ, ಆದರೂ ನಿಲ್ಲಿಸಿ.

ವಿಝಾರ್ಡ್‌ಗೆ ಎಚ್‌ಪಿ ಕಡಿಮೆ. ಕೆಲವೇ ಏಟಿಗೆ ಬೀಳುತ್ತಾಳೆ. ನಿಮ್ಮನ್ನು ಕಾಯುವುದು ಇನ್ನು ಅವರ ಪಾಲಿನ ಕೆಲಸ. ಮೊದಲೆರಡು ವಾರ ಅವರು ಮರೆತು ಮುಂದೆ ಓಡುತ್ತಾರೆ, ನೀವು ಸಾಯುತ್ತೀರಿ, ಪಾರ್ಟಿ ಮತ್ತೆ ಸೋಲುತ್ತದೆ. ಆಗ ‘ಕ್ಲೆರಿಕ್ಕೇ ವಾಸಿಯಿತ್ತು’ ಎನ್ನುವವನೊಬ್ಬ ಇದ್ದೇ ಇರುತ್ತಾನೆ. ಬಗ್ಗಬೇಡಿ. ರಾಗ್ಜ್‌ಲಿನ್‌ನ ಹಾಲ್‌ಗೆ ನಾಲ್ವರೂ ನುಗ್ಗುವ ಬದಲು ಬಾಗಿಲಿಗೆ ಹಿಂದೆ ಸರಿದು, ಬಾರ್ಬೇರಿಯನ್‌ನನ್ನು ಅಲ್ಲಿ ನಿಲ್ಲಿಸಿ, ಅವನ ಮುಂದೆ ನಿಮ್ಮ ಗ್ರೀಸ್ ಚೆಲ್ಲಿ, ಗಾಬ್ಲಿನ್‌ಗಳು ಒಂದೊಂದಾಗಿ ಬರುವಂತೆ ಮಾಡಿ ನೋಡಿ.

ಇಷ್ಟರ ಮೇಲೂ ಅವರು ಒಪ್ಪಲಿಲ್ಲ ಎನ್ನೋಣ. ಆಗ ಆ ಶನಿವಾರದ ಆಟ ಬಿಡಿ, ಸ್ನೇಹ ಬಿಡಬೇಡಿ. ಕ್ಲಾಸು, ಕ್ಯಾಂಟೀನು, ಪ್ರಾಜೆಕ್ಟ್ ಎಲ್ಲ ಹಾಗೆಯೇ ಇರಲಿ. ಒಂದು ಆಟ ಬಿಟ್ಟಿದ್ದಕ್ಕೆ ಹೋಗುವ ಸ್ನೇಹವಾಗಿದ್ದರೆ ಅದು ಕೊನೇ ಸೆಮಿಸ್ಟರ್ ಮುಗಿದಾಗ ಹೇಗೂ ಹೋಗುತ್ತಿತ್ತು. ಆಟವನ್ನೇ ಬಿಡುವುದು ಬೇಡ. ಒಬ್ಬರೇ ಹೊಸದಾಗಿ ಶುರು ಮಾಡಿ, ವಿಝಾರ್ಡ್ ಆಗಿ. ಮುಂದೆ ನಿಲ್ಲಲು ಲೇಜೆಲ್, ಬೀಗಗಳಿಗೆ ಆಸ್ಟೇರಿಯನ್, ಬ್ಲೆಸ್ ಹಾಕಲು ಶ್ಯಾಡೋಹಾರ್ಟ್ ದಾರಿಯಲ್ಲೇ ಸಿಗುತ್ತಾರೆ.

ವಿನೋಬನಗರ, ಗೋಪಾಳದ ಆ ಮೂವರು ಈ ಅಂಕಣ ಓದುತ್ತಿದ್ದರೆ ಅವರಿಗೊಂದು ಮಾತು. ನಿಮಗೋಸ್ಕರ ಇಷ್ಟು ವಾರ ಬೇಡದ ಕೆಲಸ ಮಾಡಿದ ಗೆಳತಿ ಅವಳು. ಈ ಶನಿವಾರ ಆಟಕ್ಕೆ ಕೂರುವ ಮೊದಲು ನೀವಾಗಿಯೇ ಫೋನ್ ಮಾಡಿ, ಅವಳಿಗೆ ಏನಾಗಬೇಕೆಂದು ಕೇಳಿ. ವಿದರ್ಸ್‌ಗೆ ಕೊಡುವ 100 ನಾಣ್ಯವನ್ನು ನಿಮ್ಮ ಚೀಲದಿಂದಲೇ ತೆಗೆಯಿರಿ.